ಕಡಲ ತಳದ ತೈಲ: ಒಂದು ಪರಿಸರ ವಿವಾದವನ್ನು ತರಗತಿಯಲ್ಲಿ ಬೋಧಿಸುವ ಬಗೆ

ಭೂಗೋಳ ಪಾಠದಲ್ಲಿ ಖನಿಜ ತೈಲದ ಪ್ರಸ್ತಾಪ ಬಂದಾಗ ‘ಬಾಂಬೆ ಹೈ’ ಎಂಬ ಹೆಸರು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತದೆ. ಅದು ಅರಬ್ಬೀ ಸಮುದ್ರದಲ್ಲಿದೆ, ದೇಶದ ಅತಿ ದೊಡ್ಡ ತೈಲಕ್ಷೇತ್ರವಾಗಿದೆ ಎಂಬಷ್ಟನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಪರಿಸರ ಪಾಠದಲ್ಲಿ ‘ತೈಲ ಸೋರಿಕೆಯಿಂದ ಸಮುದ್ರಜೀವಿಗಳಿಗೆ ಹಾನಿ’ ಎಂಬ ಇನ್ನೊಂದು ವಾಕ್ಯ ಬರುತ್ತದೆ. ಈ ಎರಡು ವಾಕ್ಯಗಳ ನಡುವೆ ಇರುವ ಸಂಬಂಧವೇ ಐದು ದಶಕಗಳಿಂದ ಜಗತ್ತಿನ ಅನೇಕ ದೇಶಗಳಲ್ಲಿ ನಡೆದಿರುವ ವಿವಾದದ ವಿಷಯ. ಅದನ್ನು ವಿವರಿಸದೆ ಬಿಟ್ಟರೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಎರಡು ವಾಕ್ಯಗಳೂ ಪರಸ್ಪರ ಪರಿಚಯವಿಲ್ಲದಂತೆ ಉಳಿಯುತ್ತವೆ.

ನೇಸರಿ, ಗಡಹಿಂಗ್ಲಜ, ಇಚಲಕರಂಜಿಗಳ ಕನ್ನಡ ಶಾಲೆಗಳ ಮಕ್ಕಳಿಗೆ ಈ ವಿಷಯ ದೂರದ್ದೆಂದು ತೋರಬಹುದು. ನೇಸರಿಯಿಂದ ಅಂಬೋಲಿ ಘಟ್ಟ ಇಳಿದರೆ ಸಿಂಧುದುರ್ಗದ ಕಡಲು ಸಿಗುತ್ತದೆ. ಆದರೆ ಈ ಭಾಗದ ನೀರು ಆ ಕಡಲಿಗೆ ಹೋಗುವುದಿಲ್ಲ. ಘಟಪ್ರಭೆ, ಹಿರಣ್ಯಕೇಶಿಗಳು ಮೂಡಣಕ್ಕೆ ಹರಿದು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ಹೀಗೆ ಹತ್ತಿರದ ಕಡಲಿಗೆ ಬೆನ್ನು ಮಾಡಿ ನಿಂತ ನಾಡು ಇದು. ಆದರೂ ಮನೆಯ ಅಡುಗೆ ಅನಿಲ, ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡೀಸೆಲ್, ಹೊಲಕ್ಕೆ ಹಾಕುವ ಯೂರಿಯಾ ಇವೆಲ್ಲ ತೈಲ ಮತ್ತು ಅನಿಲವನ್ನೇ ಆಧರಿಸಿವೆ. ಬಳಸುವವರು ಒಂದೆಡೆ, ಅಪಾಯವನ್ನು ಎದುರಿಸುವವರು ಮತ್ತೊಂದೆಡೆ ಇರುವುದೇ ಈ ವಿವಾದದ ತಿರುಳು. ಪಾಠವು ಈ ಅಂಶದಿಂದಲೇ ಪ್ರಾರಂಭವಾಗುವುದು ಸೂಕ್ತ.

ಬಾಂಬೆ ಹೈ ನಡೆದು ಬಂದ ದಾರಿ

ಮುಂಬಯಿಯಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಸುಮಾರು 75 ಮೀಟರ್ ಆಳದ ನೀರಿನ ಕೆಳಗೆ ಈ ತೈಲಕ್ಷೇತ್ರವಿದೆ. ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವು ಜಪಾನಿನಲ್ಲಿ ನಿರ್ಮಾಣಗೊಂಡ ‘ಸಾಗರ ಸಾಮ್ರಾಟ್’ ಎಂಬ ಕೊರೆತ ನೌಕೆಯ ನೆರವಿನಿಂದ 1974ರಲ್ಲಿ ಇಲ್ಲಿ ತೈಲವನ್ನು ಕಂಡುಹಿಡಿಯಿತು. 1976ರ ಮೇ ತಿಂಗಳಲ್ಲಿ ಉತ್ಪಾದನೆ ಆರಂಭವಾಯಿತು. ಸಮುದ್ರತಳದ ಕೊಳವೆ ಮಾರ್ಗಗಳ ಮೂಲಕ ತೈಲ ಮತ್ತು ಅನಿಲಗಳು ರಾಯಗಡ ಜಿಲ್ಲೆಯ ಉರಣಕ್ಕೆ ಬರುತ್ತವೆ.

ಶೋಧನೆಯ ಕಾಲವನ್ನು ಗಮನಿಸಬೇಕು. 1973ರ ಅರಬ್–ಇಸ್ರೇಲ್ ಯುದ್ಧದ ತರುವಾಯ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿತ್ತು. ವಿದೇಶಿ ವಿನಿಮಯದ ಕೊರತೆಯಿಂದ ಬಳಲುತ್ತಿದ್ದ ದೇಶಕ್ಕೆ ಸ್ವಂತ ಕಡಲಿನಲ್ಲಿ ತೈಲ ದೊರೆತದ್ದು ದೊಡ್ಡ ಆಸರೆಯಾಯಿತು. 1980ರ ದಶಕದ ಮಧ್ಯಭಾಗದಲ್ಲಿ ದೇಶವು ತನ್ನ ಅಗತ್ಯದ ಅರ್ಧಕ್ಕಿಂತ ಹೆಚ್ಚು ಕಚ್ಚಾತೈಲವನ್ನು ತಾನೇ ಉತ್ಪಾದಿಸುತ್ತಿತ್ತು. ಆ ಬಳಿಕ ಬಳಕೆ ಬೆಳೆಯಿತು, ಹಳೆಯ ಬಾವಿಗಳು ಬತ್ತತೊಡಗಿದವು. ಈಗ ನೂರಕ್ಕೆ 85ಕ್ಕಿಂತ ಹೆಚ್ಚು ಭಾಗ ಹೊರದೇಶಗಳಿಂದ ಬರುತ್ತದೆ. ಹೊಸ ಸಮುದ್ರ ಪ್ರದೇಶಗಳಲ್ಲಿ ಕೊರೆಯಬೇಕೆಂಬ ಒತ್ತಡದ ಹಿಂದೆ ಈ ಲೆಕ್ಕವಿದೆ.

ತೈಲ ತೆಗೆಯುವ ಹಂತಗಳು ಮತ್ತು ಅವುಗಳ ಪರಿಣಾಮ

‘ತೈಲ ಸೋರಿಕೆ’ ಎಂಬ ಒಂದೇ ಮಾತಿನಲ್ಲಿ ವಿಷಯವನ್ನು ಮುಗಿಸದೆ, ಪ್ರತಿ ಹಂತದ ಪರಿಣಾಮವನ್ನು ಬೇರೆ ಬೇರೆಯಾಗಿ ತೋರಿಸಬೇಕು.

ಮೊದಲನೆಯದು ಸರ್ವೇಕ್ಷಣೆ. ನೌಕೆಯಿಂದ ಒತ್ತಡದ ಗಾಳಿಯನ್ನು ನೀರಿನೊಳಗೆ ಸಿಡಿಸಿ, ಆ ಶಬ್ದದ ಅಲೆಗಳು ಸಮುದ್ರತಳದ ಶಿಲಾಸ್ತರಗಳಿಂದ ಮರಳಿ ಬರುವ ರೀತಿಯನ್ನು ದಾಖಲಿಸಲಾಗುತ್ತದೆ. ತಿಮಿಂಗಿಲ, ಡಾಲ್ಫಿನ್‌ಗಳು ಶಬ್ದದಿಂದಲೇ ದಾರಿ ಮತ್ತು ಆಹಾರವನ್ನು ಗುರುತಿಸುವ ಪ್ರಾಣಿಗಳು. ಆದುದರಿಂದ ಈ ಸದ್ದು ಅವುಗಳ ಸಂಚಾರಕ್ಕೆ ತೊಡಕಾಗುತ್ತದೆ. ಸರ್ವೇಕ್ಷಣೆಯ ದಿನಗಳಲ್ಲಿ ಬಲೆ ಹಾಕದಂತೆ ಸೂಚನೆ ಬರುವುದರಿಂದ ದುಡಿಮೆಯ ದಿನಗಳು ಕಳೆದುಹೋಗುತ್ತವೆಂಬುದು ಮಹಾರಾಷ್ಟ್ರ ಕರಾವಳಿಯ ಮೀನುಗಾರರ ಬಹುಕಾಲದ ದೂರು.

ಎರಡನೆಯದು ಕೊರೆತ. ಬೈರಿಗೆಯನ್ನು ತಣ್ಣಗಿರಿಸಲು ಹಾಗೂ ಬಾವಿಯೊಳಗಿನ ಒತ್ತಡವನ್ನು ಹಿಡಿದಿಡಲು ಬೆಂಟೊನೈಟ್, ಬೆರೈಟ್ ಮುಂತಾದವು ಬೆರೆತ ಕೆಸರನ್ನು ಬಳಸುತ್ತಾರೆ. ಕೊರೆದ ಕಲ್ಲಿನ ಚೂರು ಮತ್ತು ಈ ಕೆಸರು ತಳದಲ್ಲಿ ಬಿದ್ದ ಕಡೆ ಅಲ್ಲಿನ ಸಣ್ಣ ಜೀವಿಗಳು ಹೂತುಹೋಗುತ್ತವೆ.

ಮೂರನೆಯದು ಉತ್ಪಾದನೆ. ತೈಲದೊಡನೆ ಭೂಗರ್ಭದ ಉಪ್ಪುನೀರೂ ಮೇಲೆ ಬರುತ್ತದೆ. ಬಾವಿ ಹಳೆಯದಾದಂತೆ ಈ ನೀರಿನ ಪಾಲು ಹೆಚ್ಚುತ್ತದೆ. ಅದನ್ನು ಶುದ್ಧೀಕರಿಸಿ ಸಮುದ್ರಕ್ಕೆ ಬಿಡಬೇಕು ಇಲ್ಲವೇ ಮರಳಿ ಭೂಗರ್ಭಕ್ಕೆ ತುಂಬಬೇಕು. ವೇದಿಕೆಯ ಸುತ್ತ 500 ಮೀಟರ್‌ವರೆಗಿನ ಸುರಕ್ಷಾ ವಲಯದಲ್ಲಿ ದೋಣಿಗಳಿಗೆ ಪ್ರವೇಶವಿಲ್ಲ.

ನಾಲ್ಕನೆಯದು ಸಾಗಣೆ. ಮೇ 1993ರಲ್ಲಿ ಬಾಂಬೆ ಹೈಯಿಂದ ಉರಣಕ್ಕೆ ಬರುವ ಕೊಳವೆ ಒಡೆದು ಸಾವಿರಾರು ಟನ್ ಕಚ್ಚಾತೈಲ ಸಮುದ್ರಕ್ಕೆ ಸೇರಿತು. ಕೊನೆಯದು ವಿಸರ್ಜನೆ. ಬತ್ತಿದ ಬಾವಿಗಳನ್ನು ಭದ್ರವಾಗಿ ಮುಚ್ಚಿ, ಹಳೆಯ ಉಕ್ಕಿನ ವೇದಿಕೆಗಳನ್ನು ತೆಗೆಯುವ ಖರ್ಚು ಮತ್ತು ಹೊಣೆ ಮುಂದಿನ ತಲೆಮಾರಿನವರೆಗೂ ಚಾಚಿಕೊಳ್ಳುತ್ತದೆ.

ಮನುಷ್ಯರ ಪ್ರಾಣದ ಪ್ರಶ್ನೆ

ಪರಿಸರ ವಿವಾದವೆಂದರೆ ಮೀನು ಮತ್ತು ಹಕ್ಕಿಗಳಿಗೆ ಮಾತ್ರ ಸಂಬಂಧಿಸಿದ್ದೆಂಬ ಭಾವನೆ ಮಕ್ಕಳಲ್ಲಿ ಬೇರೂರಬಾರದು. 2005ರ ಜುಲೈ 27ರಂದು, ಮುಂಬಯಿ ಮಹಾಮಳೆಯ ಮರುದಿನ, ಗಾಯಗೊಂಡ ಒಬ್ಬ ನೌಕರನನ್ನು ಚಿಕಿತ್ಸೆಗಾಗಿ ಕರೆತಂದ ಸಹಾಯಕ ನೌಕೆ ಅಲೆಗಳ ಹೊಡೆತಕ್ಕೆ ಸಿಲುಕಿ ಬಾಂಬೆ ಹೈ ಉತ್ತರ ವೇದಿಕೆಗೆ ಅಪ್ಪಳಿಸಿತು. ಅನಿಲ ಸಾಗಿಸುವ ಕೊಳವೆ ಮುರಿದು ಬೆಂಕಿ ಹೊತ್ತಿತು. ಸುಮಾರು ಎರಡು ಗಂಟೆಗಳಲ್ಲಿ ಇಡೀ ವೇದಿಕೆ ನಾಶವಾಯಿತು. ಅಲ್ಲಿದ್ದ 384 ಮಂದಿಯಲ್ಲಿ 362 ಮಂದಿಯನ್ನು ರಕ್ಷಿಸಲಾಯಿತು. 22 ಮಂದಿ ಪ್ರಾಣ ಕಳೆದುಕೊಂಡರು ಅಥವಾ ಕಾಣೆಯಾದರು. ಸಮುದ್ರದಲ್ಲಿನ ತೈಲ ಕಾರ್ಯಗಳ ಸುರಕ್ಷತೆಗೆಂದೇ ಪ್ರತ್ಯೇಕ ನಿಯಮಾವಳಿ ಜಾರಿಗೆ ಬಂದದ್ದು 2008ರಲ್ಲಿ.

2021ರ ಮೇ 17ರಂದು ತೌಕ್ತೆ ಚಂಡಮಾರುತ ಇದೇ ಕ್ಷೇತ್ರದ ಮೇಲೆ ಹಾಯಿತು. ಕಾರ್ಮಿಕರು ವಾಸವಾಗಿದ್ದ ‘ಪಿ-305’ ಎಂಬ ಬಾರ್ಜ್ ಲಂಗರು ಕಳಚಿಕೊಂಡು ತೇಲಿ ಕೊನೆಗೆ ಮುಳುಗಿತು. ಬಾರ್ಜ್ ಹಾಗೂ ಒಂದು ಎಳೆದೋಣಿ ಸೇರಿ 80ಕ್ಕೂ ಹೆಚ್ಚು ಮಂದಿ ಮೃತರಾದರು. ಅವರಲ್ಲಿ ಬಹುಪಾಲು ಜನ ಗುತ್ತಿಗೆಯ ದುಡಿಮೆಗಾಗಿ ಊರು ಬಿಟ್ಟು ಬಂದವರು. ದುಡಿಮೆಗಾಗಿ ಮುಂಬಯಿ, ಪುಣೆಗಳಿಗೆ ಹೋದವರು ಇಲ್ಲಿನ ಅನೇಕ ಕುಟುಂಬಗಳಲ್ಲಿಯೂ ಇದ್ದಾರೆ. ಆದುದರಿಂದ ಈ ಭಾಗವನ್ನು ಬೋಧಿಸುವಾಗ ಸಂಯಮದ ಭಾಷೆಯನ್ನು ಬಳಸುವುದು ಅವಶ್ಯ.

ಎರಡು ಪಕ್ಷಗಳ ವಾದ

ಕೊರೆತವನ್ನು ಸಮರ್ಥಿಸುವವರ ವಾದ ಮುಖ್ಯವಾಗಿ ಮೂರು ಬಗೆಯದು. ದೇಶದ ಕಡಲಿನಲ್ಲಿ ತೈಲ ತೆಗೆಯದಿದ್ದರೆ ಬಳಕೆ ನಿಲ್ಲುವುದಿಲ್ಲ, ಆಮದು ಮಾತ್ರ ಹೆಚ್ಚುತ್ತದೆ. ಆಮದು ತೈಲವೂ ಹಡಗಿನಲ್ಲಿಯೇ ಬರುವುದರಿಂದ ಕಡಲಿಗೆ ಅಪಾಯ ತಪ್ಪುವುದಿಲ್ಲ ಎಂಬುದು ಮೊದಲನೆಯದು. ನೈಸರ್ಗಿಕ ಅನಿಲವು ಕಲ್ಲಿದ್ದಲಿಗಿಂತ ಕಡಿಮೆ ಹೊಗೆಯ ಇಂಧನ, ಸೌದೆಯ ಹೊಗೆಯಿಂದ ಲಕ್ಷಾಂತರ ಅಡುಗೆಮನೆಗಳನ್ನು ಬಿಡಿಸಿದ್ದು ಅನಿಲವೇ ಎಂಬುದು ಎರಡನೆಯದು. ಸಮುದ್ರಕ್ಕೆ ಸೇರುವ ತೈಲದಲ್ಲಿ ಕೊರೆತದ ಪಾಲು ಅಲ್ಪ ಎಂಬುದು ಮೂರನೆಯದು. ಈ ಮೂರನೆಯ ಮಾತಿಗೆ ಆಧಾರವುಂಟು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಪ್ರಕಟಿಸಿದ ಅಂದಾಜಿನಂತೆ ವರ್ಷಕ್ಕೆ ಸುಮಾರು 13 ಲಕ್ಷ ಟನ್ ತೈಲ ಜಗತ್ತಿನ ಸಮುದ್ರಗಳನ್ನು ಸೇರುತ್ತದೆ. ಅದರಲ್ಲಿ ಸುಮಾರು 46 ಪ್ರತಿಶತ ಸಮುದ್ರತಳದಿಂದ ಸಹಜವಾಗಿ ಒಸರುವ ತೈಲ, 37 ಪ್ರತಿಶತ ಬಳಕೆಯಿಂದ, 12 ಪ್ರತಿಶತ ಸಾಗಣೆಯಿಂದ, ಸುಮಾರು 3 ಪ್ರತಿಶತ ಮಾತ್ರ ಹೊರತೆಗೆಯುವ ಕಾರ್ಯದಿಂದ ಬರುವುದು.

ವಿರೋಧಿಸುವವರು ಈ ಸರಾಸರಿಯನ್ನೇ ಪ್ರಶ್ನಿಸುತ್ತಾರೆ. ಸಹಜ ಒಸರು ವಿಶಾಲ ಸಮುದ್ರದಲ್ಲಿ ವರ್ಷವಿಡೀ ಹನಿಹನಿಯಾಗಿ ಹರಡುತ್ತದೆ. ಬಾವಿಯ ಸ್ಫೋಟ ಒಂದೇ ಸ್ಥಳದಲ್ಲಿ, ಒಂದೇ ಋತುವಿನಲ್ಲಿ ಎಲ್ಲವನ್ನೂ ಸುರಿಯುತ್ತದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಸುಮಾರು 1,500 ಮೀಟರ್ ನೀರಿನ ಕೆಳಗಿದ್ದ ಬಾವಿ ಸಿಡಿದು ‘ಡೀಪ್‌ವಾಟರ್ ಹೊರೈಜನ್’ ಕೊರೆತ ವೇದಿಕೆ ಹೊತ್ತಿ ಉರಿಯಿತು. 11 ಮಂದಿ ಸತ್ತರು. ಬಾವಿಯನ್ನು ತಡೆಯಲು 87 ದಿನ ಬೇಕಾಯಿತು. ಸಮುದ್ರಕ್ಕೆ ಸೇರಿದ ತೈಲ ಸುಮಾರು 31.9 ಲಕ್ಷ ಬ್ಯಾರಲ್, ಅಂದರೆ ಸುಮಾರು 50 ಕೋಟಿ ಲೀಟರ್ ಎಂದು ಅಲ್ಲಿನ ನ್ಯಾಯಾಲಯ ನಿರ್ಣಯಿಸಿತು. ಅಪರೂಪದ ಘಟನೆಯೆಂಬ ಸಮಾಧಾನ ಅದನ್ನು ಅನುಭವಿಸಿದ ಕರಾವಳಿಗೆ ಸಲ್ಲುವುದಿಲ್ಲ ಎಂಬುದು ವಿರೋಧಿಗಳ ಮಾತು.

ಅವರ ಇನ್ನೊಂದು ಆಕ್ಷೇಪ ಹವಾಮಾನಕ್ಕೆ ಸಂಬಂಧಿಸಿದ್ದು. ಒಂದು ಹನಿಯೂ ಸೋರದೆ ತೈಲವನ್ನು ತೆಗೆದರೂ ಅದನ್ನು ಉರಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಬರುವುದು ತಪ್ಪುವುದಿಲ್ಲ. 2070ರ ವೇಳೆಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು ತಲುಪುವುದಾಗಿ ಭಾರತ 2021ರಲ್ಲಿ ಘೋಷಿಸಿದೆ. ಈಗ ಹೊಸದಾಗಿ ಕೊರೆಯುವ ಬಾವಿ ಹಲವು ದಶಕ ದುಡಿಯುವಂಥದು. ಈ ಎರಡೂ ಹೇಗೆ ಹೊಂದುತ್ತವೆ ಎಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಪ್ರತಿಯಾಗಿ, ಅಲ್ಲಿಯವರೆಗಿನ ಐದು ದಶಕಗಳ ಇಂಧನ ಎಲ್ಲಿಂದ ಬರಬೇಕು ಎಂಬುದೂ ನ್ಯಾಯವಾದ ಪ್ರಶ್ನೆಯೇ ಆಗಿದೆ.

ಅಂಕಿಯನ್ನು ಪರೀಕ್ಷಿಸುವ ಅಭ್ಯಾಸ

ಯಾವ ಪಕ್ಷ ಸರಿ ಎಂದು ಶಿಕ್ಷಕರು ತೀರ್ಪು ನೀಡಬೇಕಾಗಿಲ್ಲ. ಪ್ರತಿ ಅಂಕಿಯನ್ನೂ ‘ಯಾರು ಹೇಳಿದರು, ಯಾವಾಗ ಹೇಳಿದರು, ಹೇಗೆ ಅಳೆದರು’ ಎಂದು ಕೇಳುವ ಅಭ್ಯಾಸವನ್ನು ಮಾತ್ರ ಬೆಳೆಸಬೇಕು. ಇದಕ್ಕೆ ಮೂರು ನಿದರ್ಶನಗಳು ಉಪಯುಕ್ತವಾಗಿವೆ.

ಮೆಕ್ಸಿಕೊ ಕೊಲ್ಲಿಯ ದುರಂತದಲ್ಲಿ ಮೊದಲು ದಿನಕ್ಕೆ 1,000 ಬ್ಯಾರಲ್, ಬಳಿಕ 5,000 ಬ್ಯಾರಲ್ ಸೋರುತ್ತಿದೆಯೆಂದು ಅಧಿಕೃತವಾಗಿ ಹೇಳಲಾಯಿತು. ವಿಜ್ಞಾನಿಗಳ ನಂತರದ ಲೆಕ್ಕದಲ್ಲಿ ಅದು ಆರಂಭದಲ್ಲಿ ದಿನಕ್ಕೆ ಸುಮಾರು 62,000 ಬ್ಯಾರಲ್ ಆಗಿತ್ತು. ಇದು ಅಪಾಯವನ್ನು ಕಡಿಮೆಯಾಗಿ ಅಂದಾಜಿಸಿದ ಸಂದರ್ಭ.

ವಿರುದ್ಧ ದಿಕ್ಕಿನ ತಪ್ಪೂ ಉಂಟು. 1995ರಲ್ಲಿ ಶೆಲ್ ಕಂಪನಿಯು ‘ಬ್ರೆಂಟ್ ಸ್ಪಾರ್’ ಎಂಬ ಹಳೆಯ ತೈಲ ಸಂಗ್ರಹ ಸ್ಥಾವರವನ್ನು ಅಟ್ಲಾಂಟಿಕ್ ಸಾಗರದ ಆಳದಲ್ಲಿ ಮುಳುಗಿಸಲು ಹೊರಟಾಗ ಗ್ರೀನ್‌ಪೀಸ್ ಸಂಘಟನೆ ತೀವ್ರವಾಗಿ ಪ್ರತಿಭಟಿಸಿತು. ಕಂಪನಿ ಹಿಂದೆ ಸರಿಯಿತು. ಆದರೆ ಸ್ಥಾವರದಲ್ಲಿ ಉಳಿದಿದ್ದ ತೈಲದ ಬಗ್ಗೆ ತಾನು ಪ್ರಕಟಿಸಿದ್ದ ಅಂಕಿ ತಪ್ಪೆಂದು ಕೆಲವೇ ತಿಂಗಳಲ್ಲಿ ಗ್ರೀನ್‌ಪೀಸ್ ಬಹಿರಂಗವಾಗಿ ಒಪ್ಪಿ ಕ್ಷಮೆ ಕೇಳಿತು. ಕಡಲಿಗೆ ಕಸ ಎಸೆಯಬಾರದೆಂಬ ಅದರ ನಿಲುವು ಬದಲಾಗಲಿಲ್ಲ, ಅಂಕಿ ಬದಲಾಯಿತು. ನಿಲುವು ಬೇರೆ, ಪುರಾವೆ ಬೇರೆ ಎಂಬುದನ್ನು ಈ ಪ್ರಸಂಗ ಸ್ಪಷ್ಟಪಡಿಸುತ್ತದೆ.

ಮೂರನೆಯ ನಿದರ್ಶನ ನಮ್ಮ ಪಶ್ಚಿಮ ಕರಾವಳಿಯದೇ. ಮಳೆಗಾಲದ ಆಸುಪಾಸಿನಲ್ಲಿ ಗೋವೆ ಮತ್ತು ಸುತ್ತಮುತ್ತಲ ಕಡಲತೀರಗಳಲ್ಲಿ ಡಾಂಬರಿನಂಥ ಕಪ್ಪು ಉಂಡೆಗಳು ಬಂದು ಬೀಳುತ್ತವೆ. ಸಮುದ್ರಕ್ಕೆ ಬಿದ್ದ ತೈಲ ಅಲೆ, ಬಿಸಿಲುಗಳಿಗೆ ಸಿಕ್ಕು ಗಟ್ಟಿಯಾದ ರೂಪವದು. ‘ಹಡಗುಗಳದ್ದು’ ಎಂದು ಒಬ್ಬರು, ‘ಬಾಂಬೆ ಹೈಯದು’ ಎಂದು ಮತ್ತೊಬ್ಬರು ಹೇಳುತ್ತ ಬಂದಿದ್ದರು. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಉಂಡೆಗಳ ರಾಸಾಯನಿಕ ಲಕ್ಷಣಗಳನ್ನು ಬೇರೆ ಬೇರೆ ತೈಲಗಳ ಲಕ್ಷಣಗಳೊಡನೆ ಹೋಲಿಸಿದರು. ಕೆಲವು ಮಾದರಿಗಳು ಬಾಂಬೆ ಹೈ ತೈಲವನ್ನು ಹೋಲಿದವು. ಮತ್ತೆ ಕೆಲವು ತೈಲ ಹಡಗುಗಳ ತೊಟ್ಟಿ ತೊಳೆದ ನೀರಿನ ಕಡೆಗೆ ಬೆರಳು ತೋರಿಸಿದವು. ಹೆಬ್ಬೆಟ್ಟಿನ ಗುರುತಿನಿಂದ ವ್ಯಕ್ತಿಯನ್ನು ಪತ್ತೆ ಹಚ್ಚುವಂತೆ ತೈಲದ ಮೂಲವನ್ನೂ ಪತ್ತೆ ಹಚ್ಚಬಹುದೆಂಬ ಸಂಗತಿ ಮಕ್ಕಳಿಗೆ ಕುತೂಹಲಕರವಾಗುತ್ತದೆ. ಆರೋಪಕ್ಕೂ ಸಾಬೀತಿಗೂ ಇರುವ ಅಂತರವೂ ಮನವರಿಕೆಯಾಗುತ್ತದೆ.

ತೀರ್ಮಾನಿಸುವವರು ಯಾರು?

ಪುರಾವೆಗಳೆಲ್ಲ ಮುಂದಿದ್ದರೂ ವಿವಾದ ತಾನಾಗಿ ಮುಗಿಯುವುದಿಲ್ಲ. ಎಷ್ಟು ಅಪಾಯವನ್ನು ಒಪ್ಪಬಹುದು ಎಂಬುದು ವಿಜ್ಞಾನದ ಪ್ರಶ್ನೆ ಮಾತ್ರವಲ್ಲ, ಪ್ರಜಾಪ್ರಭುತ್ವದ ಪ್ರಶ್ನೆಯೂ ಹೌದು. 1969ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾ ಕಡಲಿನಲ್ಲಿ ತೈಲಬಾವಿ ಸಿಡಿದಾಗ ಎದ್ದ ಜನಾಭಿಪ್ರಾಯ ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ ಕಾಯಿದೆಗೂ 1970ರ ಏಪ್ರಿಲ್ 22ರ ಮೊದಲ ಭೂಮಿ ದಿನಾಚರಣೆಗೂ ಪ್ರೇರಣೆಗಳಲ್ಲಿ ಒಂದಾಯಿತು. ದೊಡ್ಡ ಯೋಜನೆಗಳಿಗೆ ಮೊದಲು ಪರಿಸರ ಪರಿಣಾಮದ ಅಧ್ಯಯನ ನಡೆಯಬೇಕೆಂಬ ತತ್ತ್ವ ಅಲ್ಲಿಂದ ಹಲವು ದೇಶಗಳಿಗೆ ಹರಡಿತು.

ಭಾರತದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಹೊರಟ 2006ರ ಅಧಿಸೂಚನೆ ಈ ಅಧ್ಯಯನದ ಕ್ರಮವನ್ನು ನಿಗದಿಪಡಿಸುತ್ತದೆ. 2020ರ ಜನವರಿಯಲ್ಲಿ ಅದಕ್ಕೆ ತಿದ್ದುಪಡಿಯಾಗಿ, ತೈಲ ಮತ್ತು ಅನಿಲದ ಶೋಧನೆಯ ಹಂತದ ಕೊರೆತವನ್ನು ‘ಎ’ ವರ್ಗದಿಂದ ‘ಬಿ-2’ ವರ್ಗಕ್ಕೆ ಇಳಿಸಲಾಯಿತು. ‘ಬಿ-2’ ವರ್ಗದ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಕಡ್ಡಾಯವಲ್ಲ. ಉತ್ಪಾದನೆಯ ಹಂತ ‘ಎ’ ವರ್ಗದಲ್ಲಿಯೇ ಉಳಿಯಿತು. ಶೋಧನೆಯ ಬಾವಿಯ ಪರಿಣಾಮ ಅಲ್ಪಕಾಲದ್ದು, ವಿಳಂಬದಿಂದ ದೇಶಕ್ಕೆ ನಷ್ಟ ಎಂಬುದು ಬದಲಾವಣೆಯ ಸಮರ್ಥನೆ. ಮೀನುಗಾರರು ತಮ್ಮ ಮಾತನ್ನು ಹೇಳಬಹುದಾದ ಮೊದಲ ಬಾಗಿಲೇ ಮುಚ್ಚಿತು ಎಂಬುದು ಆಕ್ಷೇಪಣೆ. ಡೀಪ್‌ವಾಟರ್ ಹೊರೈಜನ್ ಕೊರೆಯುತ್ತಿದ್ದದ್ದೂ ಶೋಧನೆಯ ಬಾವಿಯನ್ನೇ ಎಂಬ ಸಂಗತಿಯನ್ನು ಆಕ್ಷೇಪಿಸುವವರು ನೆನಪಿಸುತ್ತಾರೆ.

ಪಂಚಗಂಗೆಯಿಂದ ಕಡಲಿನ ಕಡೆಗೆ

ಕಡಲನ್ನೇ ಕಾಣದ ಮಕ್ಕಳಿಗೆ ಈ ವಾದಗಳು ಹೊರಗಿನವರ ಜಗಳವಾಗಿ ತೋರದಿರಲು ಪಂಚಗಂಗೆಯಿಂದ ಪಾಠವನ್ನು ಆರಂಭಿಸಬಹುದು. ಇಚಲಕರಂಜಿಯ ಯಂತ್ರಮಗ್ಗ ಮತ್ತು ಬಣ್ಣಗಾರಿಕೆ ಸಾವಿರಾರು ಮನೆಗಳಿಗೆ ಅನ್ನ ನೀಡಿವೆ. ಅದೇ ಬಣ್ಣಗಾರಿಕೆಯ ತ್ಯಾಜ್ಯ, ಊರುಗಳ ಒಳಚರಂಡಿಯ ನೀರು ನದಿಯನ್ನು ಕೆಡಿಸಿವೆ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ವ್ಯಾಪಕವಾಗಿ ಹರಡಿ ಜೀವಹಾನಿಯೂ ಆಯಿತು. ಲಾಭ ಯಾರಿಗೆ, ಕೆಟ್ಟ ನೀರು ಯಾರ ಪಾಲಿಗೆ, ಶುದ್ಧೀಕರಣದ ಖರ್ಚು ಯಾರದು ಎಂಬ ಮೂರು ಪ್ರಶ್ನೆಗಳಿಗೆ ಮಕ್ಕಳು ಇಲ್ಲಿ ತಮ್ಮ ಅನುಭವದಿಂದಲೇ ಉತ್ತರಿಸಬಲ್ಲರು. ಬಳಿಕ ಅದೇ ಮೂರು ಪ್ರಶ್ನೆಗಳನ್ನು ಉರಣದ ಕೊಳವೆಗೆ, ಬಾಂಬೆ ಹೈಯ ವೇದಿಕೆಗೆ ಅನ್ವಯಿಸಬೇಕು.

ಕೆಳಗಿನ ಚಟುವಟಿಕೆಗಳು ಎರಡು ಅವಧಿಗಳಲ್ಲಿ ಸಾಧ್ಯವಾಗುವಂಥವು.

1. ಅಗಲವಾದ ತಟ್ಟೆಯ ನೀರಿನಲ್ಲಿ ಒಂದು ಚಮಚ ಅಡುಗೆ ಎಣ್ಣೆ ಹಾಕಿ, ಕೋಳಿಯ ಗರಿಯೊಂದನ್ನು ಅದ್ದಿ ತೆಗೆಯಿಸುವುದು. ಒಣ ಗರಿಗೂ ಎಣ್ಣೆ ಮೆತ್ತಿದ ಗರಿಗೂ ಇರುವ ವ್ಯತ್ಯಾಸವನ್ನು ಮಕ್ಕಳೇ ಬರೆಯಬೇಕು.

2. ಗಣಿತದೊಡನೆ ಜೋಡಣೆ: ಒಂದು ಲೀಟರ್ ತೈಲ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ತೆಳುವಾಗಿ ಹರಡಿದರೆ ಎಷ್ಟು ಜಾಗವನ್ನು ಮುಚ್ಚುತ್ತದೆ? ಉತ್ತರ 1,000 ಚದರ ಮೀಟರ್. ಒಂದು ಬ್ಯಾರಲ್ ಎಂದರೆ ಸುಮಾರು 159 ಲೀಟರ್ ಎಂದು ತಿಳಿಸಿ ಮುಂದಿನ ಲೆಕ್ಕವನ್ನು ಮಕ್ಕಳಿಗೇ ಬಿಡಬೇಕು.

3. ಅಹವಾಲು ಸಭೆಯ ಅಭಿನಯ: ಉರಣದ ಮೀನುಗಾರ್ತಿ, ವೇದಿಕೆಯ ಗುತ್ತಿಗೆ ಕಾರ್ಮಿಕ, ತೈಲ ಇಲಾಖೆಯ ಅಧಿಕಾರಿ, ಸಾಗರ ವಿಜ್ಞಾನಿ, ನೇಸರಿಯ ಒಬ್ಬ ಗೃಹಿಣಿ ಹಾಗೂ ಒಬ್ಬ ಟ್ರ್ಯಾಕ್ಟರ್ ಚಾಲಕ ಪಾತ್ರಗಳಿರಲಿ. ಅರ್ಧ ಅವಧಿಯ ಬಳಿಕ ಪಾತ್ರಗಳನ್ನು ಅದಲು ಬದಲು ಮಾಡಿಸಬೇಕು. ತಾನು ಈಗಷ್ಟೇ ವಿರೋಧಿಸಿದ ವಾದವನ್ನು ನ್ಯಾಯವಾಗಿ ಮಂಡಿಸಬಲ್ಲ ವಿದ್ಯಾರ್ಥಿ ವಿಷಯವನ್ನು ಅರಿತಿದ್ದಾನೆಂದು ತಿಳಿಯಬೇಕು.

4. ಭಾಷಾಭ್ಯಾಸ: ಮಕ್ಕಳು ಹೊರಗೆ ಕೇಳುವ ಸುದ್ದಿ ಬಹುಮಟ್ಟಿಗೆ ಮರಾಠಿಯದು. ಅಲ್ಲಿನ ‘ತೇಲಗಳತಿ’ ಇಲ್ಲಿನ ‘ತೈಲ ಸೋರಿಕೆ’. ‘ತೇಲವಿಹೀರ’ ಇಲ್ಲಿನ ‘ತೈಲಬಾವಿ’. ಮರಾಠಿ ಪತ್ರಿಕೆಯ ಒಂದು ಸುದ್ದಿಯನ್ನು ಓದಿಸಿ, ಅದರಲ್ಲಿನ ಸಂಗತಿ ಯಾವುದು, ಅಭಿಪ್ರಾಯ ಯಾವುದು ಎಂದು ಕನ್ನಡದಲ್ಲಿ ಎರಡು ಪಟ್ಟಿ ಮಾಡಿಸುವುದು.

ಮೌಲ್ಯಮಾಪನದಲ್ಲಿ ‘ಕೊರೆತ ಬೇಕು’ ಅಥವಾ ‘ಬೇಡ’ ಎಂಬ ಉತ್ತರಕ್ಕೆ ಅಂಕವಿರಬಾರದು. ಕೊಟ್ಟ ಕಾರಣಕ್ಕೆ, ತೋರಿದ ಪುರಾವೆಗೆ, ಎದುರು ಪಕ್ಷದ ಮಾತನ್ನು ಸರಿಯಾಗಿ ಹೇಳಿದ್ದಕ್ಕೆ ಅಂಕವಿರಬೇಕು. ಮಾಲವಣದ ಬಳಿ 1987ರಲ್ಲಿ ಘೋಷಿತವಾದ ಸಾಗರಿಕ ಅಭಯಾರಣ್ಯವಿದೆ. ಕೊಂಕಣ ತೀರದಿಂದ ನೂರು ಕಿಲೋಮೀಟರಿಗೂ ಆಚೆ, ಕಾನ್ಹೋಜಿ ಆಂಗ್ರೆಯ ಹೆಸರನ್ನು ಹೊತ್ತ ಆಂಗ್ರಿಯಾ ಎಂಬ ಮುಳುಗಿದ ದಿಬ್ಬದ ಮೇಲೆ ಹವಳಗಳು ಬೆಳೆದಿವೆ. ನಕಾಶೆಯಲ್ಲಿ ಬರಿಯ ನೀಲಿಯಾಗಿ ಕಾಣುವ ಆ ಜಾಗ ಬರಿದಲ್ಲ. ಅಲ್ಲಿ ಜೀವವಿದೆ, ದುಡಿಮೆಯಿದೆ, ತೈಲವೂ ಇದೆ. ಅದರ ಬಗೆಗಿನ ನಿರ್ಧಾರಗಳನ್ನು ಮುಂದೆ ಮತದಾರರಾಗಿ, ಕಾರ್ಮಿಕರಾಗಿ, ಅಧಿಕಾರಿಗಳಾಗಿ ಕೈಗೊಳ್ಳುವವರಲ್ಲಿ ಇಂದು ಈ ಶಾಲೆಗಳ ಬೆಂಚುಗಳ ಮೇಲೆ ಕುಳಿತ ಮಕ್ಕಳೂ ಸೇರಿದ್ದಾರೆ.